ಮಸಿ ತಳ ಕಂಡಿದೆ, ತುಕ್ಕು ಹಾಗೇ ಇದೆ: ಟಮಿಯಾ ವೆದರಿಂಗ್ ಮಾಸ್ಟರ್ ಬಿ ಸೆಟ್, ಎರಡು ವರ್ಷ ಬಳಸಿದ ಮೇಲೆ

ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಮೇಲೆ ಕೆಲಸ ನನ್ನದು. ಮನೆಗೆ ಬಂದರೆ ಮಾಡೆಲ್ ಕಟ್ಟುವ ಹುಚ್ಚು. ಎರಡು ವರ್ಷದಿಂದ 1/24 ಅಳತೆಯ ಒಂದು ಪುಟ್ಟ ಗ್ಯಾರೇಜ್ ಮಾಡೆಲ್ ಕಟ್ಟುತ್ತಿದ್ದೇನೆ. ಈ ಅಳತೆಯಲ್ಲಿ 24 ಸೆಂಟಿಮೀಟರ್ ಪಾನಾ ಬರೀ ಒಂದು ಸೆಂಟಿಮೀಟರ್. ಕೈ ಜಾರಿ ನೆಲಕ್ಕೆ ಬಿದ್ದರೆ ಕಸಬರಿಗೆ ಹಿಡಿದು ಹುಡುಕಬೇಕು.

ಇಂಥ ಪುಟ್ಟ ಸಾಮಾನಿಗೆ ಹಳೇ ಕಳೆ ಕೊಡಲು ತರಿಸಿದ್ದು ಟಮಿಯಾ ಕಂಪನಿಯ ಈ ಬಣ್ಣದ ಡಬ್ಬಿ. ಹಿಮ, ಮಸಿ, ತುಕ್ಕು ಅಂತ ಮೂರು ಬಣ್ಣ. ಜೊತೆಗೆ ಒಂದು ತುದಿಗೆ ಸ್ಪಂಜು, ಇನ್ನೊಂದು ತುದಿಗೆ ಬ್ರಷ್ ಇರುವ ಕಡ್ಡಿ. ಥೇಟ್ ಮೇಕಪ್ ಡಬ್ಬಿ. ಅಕ್ಕನ ಮಗಳು ಕಣ್ಣಿಗೆ ಹಚ್ಚಿಕೊಳ್ಳಲು ಹೊರಟಿದ್ದಳು, ಸ್ವಲ್ಪದರಲ್ಲಿ ತಪ್ಪಿತು.

ಇದು ಪೂರ್ತಿ ಒಣ ಪುಡಿಯಲ್ಲ, ಸ್ವಲ್ಪ ಜಿಡ್ಡು ಇದೆ. ಮ್ಯಾಟ್ ಬಣ್ಣದ ಮೇಲೆ ಚೆನ್ನಾಗಿ ಕೂರುತ್ತದೆ. ಹೊಳಪಿನ ಬಣ್ಣದ ಮೇಲೆ ಹಚ್ಚಿದರೆ ಸುಮ್ನೆ ಬೆರಳಿಗೆ ಬರುತ್ತದೆ.

ಮೊದಲ ಆರು ತಿಂಗಳು ಕಂಡದ್ದಕ್ಕೆಲ್ಲ ತುಕ್ಕು ಬಳಿದೆ. ಕಿತ್ತಳೆ ಬಣ್ಣ ನೋಡಲು ಚಂದ, ಅಲ್ವಾ? ಖುಷಿಯಲ್ಲಿ ಕಾರ್ಖಾನೆಗೂ ಒಯ್ದು ತೋರಿಸಿದೆ. ನಮ್ಮ ಫಿಟ್ಟರ್ ಕಾಕಾ ಕನ್ನಡಕ ಏರಿಸಿ ನೋಡಿದರು. "ಏನಪಾ, ಈ ಗ್ಯಾರೇಜ್ ಬಂದ್ ಆಗೇತೇನ? ದಿನಾ ಕೈಯಾಗ ಆಡೋ ಪಾನಾಕ್ಕ ಜಂಗ ಎಲ್ಲಿಂದ ಬರತೈತಿ?" ಅಂದರು.

ಮರುದಿನ ನನ್ನದೇ ಪೆಟ್ಟಿಗೆ ತೆಗೆದು ನೋಡಿದೆ. ಪಾನಾದ ಬಾಯಿ, ಅಂಚು ಫಳಫಳ. ಅಳತೆಯ ಅಂಕಿ ಒತ್ತಿದ ಕಡೆ ಮಾತ್ರ ಎಣ್ಣೆ ಮಸಿ. ಸುತ್ತಿಗೆಯ ಮುಖ ಬೆಳ್ಳಗೆ, ಹಿಡಿ ಬೆವರಿಗೆ ಕರ್ರಗೆ. ತುಕ್ಕು ಇದ್ದದ್ದು ಮೂಲೆಗೆ ಬಿದ್ದ ಮುರುಕು ಜ್ಯಾಕ್ ಮೇಲೆ, ಅಷ್ಟೇ.

ಆಮೇಲೆ ಕ್ರಮವನ್ನೇ ಬದಲಿಸಿದೆ. ಕಪ್ಪು ಪ್ರೈಮರ್, ಅದರ ಮೇಲೆ ಮ್ಯಾಟ್ ಕಬ್ಬಿಣದ ಬಣ್ಣ. ತೆಳ್ಳಗೆ ಮಾಡಿದ ಕಪ್ಪುಗಂದು ಆಯಿಲ್ ಬಣ್ಣ ಹರಿಬಿಟ್ಟು ಒರೆಸಿದರೆ ಸಂದಿಯಲ್ಲಿ ಮಾತ್ರ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಸ್ಪಂಜಿನಿಂದ ಮಸಿ. ಕೊನೆಗೆ ಅಂಚಿಗೆ 6ಬಿ ಪೆನ್ಸಿಲ್ (ಮೆತ್ತನೆ ಸೀಸದ್ದು) ತಿಕ್ಕಿದರೆ ಉಕ್ಕಿನ ಹೊಳಪು ಬರುತ್ತದೆ. ಪೆನ್ಸಿಲ್ ಮೊದಲೇ ತಿಕ್ಕಿ ಮ್ಯಾಟ್ ವಾರ್ನಿಶ್ ಹೊಡೆದರೆ ಆ ಹೊಳಪು ಸತ್ತೇ ಹೋಗುತ್ತದೆ.

ವಾರ್ನಿಶ್ ಮಾತು ಬಂತು, ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ನಮ್ಮೂರಿನ ಜುಲೈ ಮಳೆ ಗೊತ್ತಲ್ಲ, ಬಟ್ಟೆಯೇ ಒಣಗಲ್ಲ. ಅಂಥ ಒಂದು ಸಂಜೆ ಸ್ಪ್ರೇ ವಾರ್ನಿಶ್ ಹೊಡೆದೆ. ಗಾಳಿಯ ತೇವಕ್ಕೆ ಎಂಟು ಪಾನಾ ಮೇಲೂ ಬಿಳಿ ಪೊರೆ ಕೂತಿತು. ಎಂಟನ್ನೂ ಹೊಸದಾಗಿ ಬಳಿದೆ. ಈಗ ಬಿಸಿಲಿದ್ದರೆ ಮಾತ್ರ ಹೊಡೆಯುತ್ತೇನೆ, ಅದೂ ಪದೇ ಪದೇ ಕೈಗೆ ಬರುವ ಸಾಮಾನಿಗೆ. ಒಂದೇ ಕಡೆ ಅಂಟಿಸಿಡುವ ಸಾಮಾನಿಗೆ ಬೇಡವೇ ಬೇಡ. ವಾರ್ನಿಶ್ ಬಿದ್ದರೆ ಪುಡಿಯ ಬಣ್ಣ ಮಾಸುತ್ತದೆ.

ಬೆಳಗಾವಿಯವನಿಗೆ ಹಿಮದ ಬಣ್ಣ ಯಾಕೆ ಅಂದುಕೊಂಡಿದ್ದೆ. ಮಸಿ ಚೂರು ಬೆರೆಸಿದರೆ ಒಳ್ಳೇ ಸಿಮೆಂಟ್ ಬಣ್ಣ ಆಗುತ್ತದೆ. ಗೌಂಡಿಯ ಥಾಪಿಗೆ, ಬುಟ್ಟಿಗೆ ಅದೇ ಹಚ್ಚಿದ್ದೇನೆ.

ಮಸಿ ಕುಳಿಯಲ್ಲಿ ಈಗ ತಳ ಕಾಣುತ್ತಿದೆ. ಇದೇ ಸೆಟ್ ಮತ್ತೆ ತರಿಸುತ್ತೇನೆ. ಹಳೇ ಡಬ್ಬಿಯ ತುಕ್ಕು ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಅದಕ್ಕೇ ಗ್ಯಾರೇಜಿನ ಹಿತ್ತಲಲ್ಲಿ ಒಂದು ಗುಜರಿ ರಾಶಿ ಹಾಕೋಣ ಅಂತಿದ್ದೇನೆ.