ಅಂಡರ್‌ವೋಲ್ಟ್ ಮೊದಲೋ, ರ‍್ಯಾಮ್ ವೇಗ ಮೊದಲೋ?

ಮಂಗಳೂರಿನ ಮೇ ತಿಂಗಳ ಸೆಕೆ ಗೊತ್ತಲ್ವಾ? ಎ.ಸಿ. ಇಲ್ಲದ ಕೋಣೆಯಲ್ಲಿ ಡೆಸ್ಕ್‌ಟಾಪ್ ಇಟ್ಟಿದ್ದರೆ ಮೊದಲು ಪ್ರೊಸೆಸರ್ ವೋಲ್ಟೇಜ್ ಇಳಿಸಿ. ಇದೇ ಅಂಡರ್‌ವೋಲ್ಟ್. ಎಎಂಡಿಯ ಹೊಸ ರೈಜನ್ ಪ್ರೊಸೆಸರ್ ಆದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್ ತೆರೆದು ಎಲ್ಲ ಕೋರ್‌ಗಳಿಗೂ ಮೈನಸ್ 10, ಅಂದರೆ ಹತ್ತು ಹೆಜ್ಜೆ ಕೆಳಕ್ಕೆ, ಕೊಡಿ. ಒಂದೊಂದು ಹೆಜ್ಜೆಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ವೇಗ ಕುಗ್ಗುವುದಿಲ್ಲ, ಸಾಮಾನ್ಯವಾಗಿ ಬಿಸಿ ಕಡಿಮೆಯಾಗುತ್ತದೆ. ಜಾಸ್ತಿ ಇಳಿಸಿದರೆ ಸುಮ್ನೆ ಕೂತಿರುವಾಗಲೇ ರೀಸ್ಟಾರ್ಟ್ ಆಗಬಹುದು. ಆಗ ಮೈನಸ್ 5ಕ್ಕೆ ಬನ್ನಿ.

ರ‍್ಯಾಮ್ ಕಥೆ ಬೇರೆ. ಈಗಿನ ಡಿಡಿಆರ್5 ರ‍್ಯಾಮ್ ಮಾಮೂಲಿಗೆ 1.1 ವೋಲ್ಟ್‌ನಲ್ಲಿ ಓಡುತ್ತದೆ. ಎಕ್ಸ್‌ಪೋ (ರ‍್ಯಾಮ್ ವೇಗ ಏರಿಸುವ ಸಿದ್ಧ ಸೆಟ್ಟಿಂಗ್) ಆನ್ ಮಾಡಿ ವೇಗ 6000ಕ್ಕೆ ಏರಿಸಿದರೆ ಹಲವು ರ‍್ಯಾಮ್ ಕಿಟ್‌ಗಳು 1.35 ವೋಲ್ಟ್ ಕೇಳುತ್ತವೆ. ಗೇಮ್‌ಗೆ ಲಾಭವಿದೆ, ನಿಜ. ಆದರೆ ಇಲ್ಲಿ ಎಡವಟ್ಟಾದರೆ ಕಂಪ್ಯೂಟರ್ ನಿಲ್ಲದೆಯೂ ಫೈಲ್ ಕೆಡಬಹುದು. ಅಕ್ಕನ ಮದುವೆಯ ಫೋಟೋಗಳನ್ನು ಕಾಪಿ ಮಾಡಿದಾಗ ಕೆಲವು ಅರ್ಧಕ್ಕೆ ಬೂದು ಬಣ್ಣಕ್ಕೆ ತಿರುಗಿದ್ದವು. ಎರಡೂ ಸೆಟ್ಟಿಂಗ್ ಒಂದೇ ದಿನ ಬದಲಿಸಿದ್ದೆ. ಯಾವುದರ ತಪ್ಪು ಎಂದು ಹುಡುಕಲು ಒಂದು ವಾರ ಹಿಡಿಯಿತು.

ಫೋಟೋ, ಲೆಕ್ಕಪತ್ರದ ಕೆಲಸವೇ ಮುಖ್ಯ ಎನ್ನುವವರಿಗೆ ಅಂಡರ್‌ವೋಲ್ಟ್ ಒಂದೇ ಸಾಕು. ಗೇಮ್ ಆಡುವವರು ಎಕ್ಸ್‌ಪೋ ಹಾಕಿಕೊಳ್ಳಿ, ಆದರೆ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ಎರರ್ ಬಂದರೂ ರ‍್ಯಾಮ್ ವೇಗ 5600ಕ್ಕೆ ಇಳಿಸಿ ಮತ್ತೆ ಪರೀಕ್ಷಿಸಿ.