ಪುರಾ ಮೊದಲಾ, ರಾಬಿ ಮೊದಲಾ?

ಆಟಿಯ ಮಳೆ. ಕದ್ರಿಯ ಮನೆಯಲ್ಲಿ ತಮ್ಮ 2017ರ ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ವಿಡಿಯೊ ಗೇಮ್ ಶುರು ಮಾಡಿದ್ದಾನೆ. ಅದರ ಇಬ್ಬರಲ್ಲಿ ಯಾವ ವಿಜ್ಞಾನಿಯ ಹತ್ತಿರ ಮೊದಲು ಹೋಗಲಿ ಅಂತ ಕೇಳಿದ.

ಪುರಾ ಹತ್ತಿರ ಹೋಗು ಮಾರಾಯ. ತನ್ನದೇ ಪ್ರಯೋಗದಿಂದ ಪುಟ್ಟ ಹುಡುಗಿಯಾದ ಮುದುಕಿ ಅವಳು. ಹಟೆನೊ ಊರಿನ ಗುಡ್ಡದ ಮೇಲಿದ್ದಾಳೆ. ಪಂಜಿನಲ್ಲಿ ನೀಲಿ ಬೆಂಕಿ ತಂದುಕೊಟ್ಟರೆ ಕ್ಯಾಮೆರಾ ಸಿಗುತ್ತದೆ. ಆಮೇಲೆ ಹಳೆ ಯಂತ್ರದ 3 ಸ್ಕ್ರೂ ಕೊಟ್ಟರೆ ಬೇಕಾದದ್ದು ಎಲ್ಲಿದೆ ಅಂತ ಸುಳಿವು ಕೊಡುವ ಸೆನ್ಸರ್ ಕೂಡ ಸುಧಾರಿಸುತ್ತದೆ. ಹುಡುಕುವ ಕೆಲಸ ಎಷ್ಟು ಸುಲಭವಾಗುತ್ತದೆ ಗೊತ್ತಾ!

ರಾಬಿ ದೂರದ ಅಕ್ಕಲಾದಲ್ಲಿದ್ದಾನೆ. ಅಲ್ಲಿಗೂ ನೀಲಿ ಬೆಂಕಿ ಬೇಕು, ಮಳೆ ಬಂದರೆ ಪಂಜು ಆರಿಹೋಗುತ್ತದೆ. ಕನ್ನಡಕದ ಈ ಮುದುಕ ತನ್ನ ಯಂತ್ರಕ್ಕೆ ಚೆರಿ ಅಂತ ಹಳೆ ಪ್ರೇಯಸಿಯ ಹೆಸರಿಟ್ಟಿದ್ದಾನೆ. ನನಗೆ ಅವನೇ ಜಾಸ್ತಿ ಇಷ್ಟ. ಅವನಲ್ಲಿ ಸಿಗುವ ಬಾಣ ಗಾರ್ಡಿಯನ್‌ ಎಂಬ ಶತ್ರು ಯಂತ್ರದ ಕಣ್ಣಿಗೆ ತಾಗಿದರೆ ಅದು ಒಂದೇ ಏಟಿಗೆ ಸಾಯುತ್ತದೆ. ಆದರೆ ಸಾಮಾನು, ದುಡ್ಡು ಕೂಡಿಸಿಕೊಂಡೇ ಹೋಗು.