ಮುಳ್ಳಯ್ಯನಗಿರಿ ಒಂದು ದಿನದ ಪ್ಯಾಕೇಜ್: ಅರ್ಧ ಕತ್ತರಿಸಿದ ಪಾಸ್ ನಂಬಿ ದುಡ್ಡು ಕಳಿಸ್ಬೇಡಿ

ಬೆಂಗಳೂರಿಂದ ಒಂದೇ ದಿನದಲ್ಲಿ ಚಿಕ್ಕಮಗಳೂರಿನ ಗಿರಿಗೆ ಹೋಗಿ ಬರೋ ಪ್ಯಾಕೇಜ್ ನೋಡ್ತಿರೋರು ದಯವಿಟ್ಟು ದುಡ್ಡು ಕಳಿಸೋ ಮುಂಚೆ ಇದನ್ನ ಪೂರ್ತಿ ಓದಿ. ಕಳೆದ ಶನಿವಾರ 11 ಜನಕ್ಕೆ 19,800 ರೂಪಾಯಿ ಕೊಟ್ಟು ಹೋದೋರು ನಾವು, ಗಿರಿ ಪಾಸ್ ನೋಡಿ ಗಾಡಿ ಬಿಡೋ ಕೈಮರ ಚೆಕ್‌ಪೋಸ್ಟ್‌ನಿಂದ ಒಂದಡಿ ಮೇಲೆ ಹತ್ತದೆ ವಾಪಸ್ ಬಂದಿದೀವಿ. ಗಿರಿ ಮುಚ್ಚಿರಲಿಲ್ಲ. ಗುಡ್ಡ ಕುಸಿದಿರಲಿಲ್ಲ. ನಮ್ಮ ಕಣ್ಣೆದುರೇ ಬೇರೆ ಗಾಡಿಗಳು ಪಾಸ್ ತೋರಿಸಿ ಹೋಗ್ತಾ ಇದ್ವು. ನಮ್ಮ ಗಾಡಿ ಮಾತ್ರ ರಸ್ತೆ ಪಕ್ಕ ನಿಂತಿತ್ತು.

ನಾನು ಹಾಸನದವನು. ಆ ರಸ್ತೆ, ಆ ದೂರ, ಯಾವ ಊರಿಂದ ಯಾವ ಊರಿಗೆ ಎಷ್ಟು ಹೊತ್ತು ಅಂತ ಗೊತ್ತಿದ್ದೂ ಹೀಗಾಯ್ತು ಅನ್ನೋದೇ ನಾಚಿಕೆ. ಅದಕ್ಕೇ ಎಲ್ಲೆಲ್ಲಿ ಮೋಸ ಇತ್ತು ಅಂತ ಒಂದೊಂದಾಗಿ ಬರೀತಿದೀನಿ. ಪ್ಯಾಕೇಜ್ ನಡೆಸೋರ ಹೆಸರು ಇಲ್ಲಿ ಹಾಕ್ತಿಲ್ಲ, ದೂರು ಕೊಟ್ಟಾಗಿದೆ.

ಮಾತಾಗಿದ್ದು ಇದು. ತಲೆಗೆ 1,800. ನಮ್ಮ 11 ಜನಕ್ಕೇ ಅಂತ ಪ್ರತ್ಯೇಕ 12 ಸೀಟಿನ ಟಿಟಿ (ಟೆಂಪೋ ಟ್ರಾವೆಲರ್), ಗಿರಿ ಪಾಸ್, ಬೆಳಗ್ಗೆ ತಿಂಡಿ, ಮಧ್ಯಾಹ್ನ ಊಟ, ಝರಿ ಫಾಲ್ಸ್‌ಗೆ ಜೀಪು, ಬೇಲೂರಿನ "ಎಂಟ್ರಿ ಟಿಕೆಟ್" ಎಲ್ಲ ಸೇರಿ. ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಝರಿ ಫಾಲ್ಸ್, ಕೊನೆಗೆ ಬೇಲೂರು. 10,000 ಅಡ್ವಾನ್ಸ್, ಬಾಕಿ ಹತ್ತೋವಾಗ.

ರೇಟು ತೀರಾ ಕಡಿಮೆ ಇತ್ತು, ಆಸೆಗೆ ಬಿದ್ದರು ಅಂತ ಯಾರೂ ಹೇಳ್ಬೇಡಿ. ಲೆಕ್ಕ ಹಾಕೇ ನೋಡಿದ್ದೆ. ಬೆಂಗಳೂರು-ಚಿಕ್ಕಮಗಳೂರು ಹೋಗೋಕೆ ಸುಮಾರು 245 ಕಿ.ಮೀ., ಬರೋಕೆ ಅಷ್ಟೇ, ಗಿರಿ ಓಡಾಟ ಒಂದು 60. ಒಟ್ಟು 550. ಕಿ.ಮೀ.ಗೆ 20 ರೂಪಾಯಿ ಹಿಡಿದ್ರೂ ಗಾಡಿಗೆ 11,000. ಡ್ರೈವರ್ ಬಾಟಾ, ಟೋಲು, ಊಟ-ತಿಂಡಿ, ಜೀಪು ಕಳೆದ್ರೂ ಅವರಿಗೆ ಸ್ವಲ್ಪ ಉಳೀತದೆ. ನ್ಯಾಯವಾದ ರೇಟೇ. ಅದಕ್ಕೇ ಅನುಮಾನ ಬರಲಿಲ್ಲ.

ಅನುಮಾನ ಬರಬೇಕಿದ್ದಿದ್ದು ಟೈಮಿನ ಮೇಲೆ. 2025ರ ಸೆಪ್ಟೆಂಬರ್ 1ರಿಂದ ಗಿರಿಗೆ ಹೋಗೋಕೆ ಜಿಲ್ಲಾಡಳಿತದ ಆನ್‌ಲೈನ್ ನೋಂದಣಿ ಬೇಕು. ದಿನಕ್ಕೆ ಎರಡು ಸ್ಲಾಟು. ಬೆಳಗ್ಗೆ 6ರಿಂದ 12, ಮಧ್ಯಾಹ್ನ 1ರಿಂದ 6. ಒಂದು ಸ್ಲಾಟಿಗೆ ಇಷ್ಟೇ ಗಾಡಿ ಅಂತ ಮಿತಿ ಇದೆ, ಶನಿವಾರ ಭಾನುವಾರ ಬೇಗ ತುಂಬುತ್ತೆ. ಇವರು ಬುಧವಾರ ವಾಟ್ಸಾಪಲ್ಲಿ ಕಳಿಸಿದ ಪಾಸಲ್ಲಿ ಬೆಳಗಿನ ಸ್ಲಾಟ್ ಇತ್ತು. ಅದೇ ಮೆಸೇಜಿನ ಕೆಳಗಡೆ ಹತ್ತಿಸೋ ಜಾಗಗಳ ಪಟ್ಟಿ: ಸಿಲ್ಕ್ ಬೋರ್ಡ್ 5:00, ಮೆಜೆಸ್ಟಿಕ್ 5:45, ಯಶವಂತಪುರ 6:15, ಗೊರಗುಂಟೆಪಾಳ್ಯ 6:30. ಎರಡನ್ನೂ ಒಟ್ಟಿಗೆ ನೋಡಿದ್ರೆ ಅವತ್ತೇ ಗೊತ್ತಾಗಿಬಿಡ್ತಿತ್ತು. ಗೊರಗುಂಟೆಪಾಳ್ಯ 6:30ಕ್ಕೆ ಬಿಟ್ಟ ಗಾಡಿ ತಿಂಡಿಗೆ ನಿಂತು, ಹಾಸನ, ಬೇಲೂರು ದಾಟಿ, 12ರೊಳಗೆ ಕೈಮರ ಮುಟ್ಟಿ ಗಿರಿ ನೋಡಿ ಇಳಿಯೋಕೆ ಸಾಧ್ಯವೇ ಇಲ್ಲ. ಇಷ್ಟು ಸಲ ಓಡಾಡಿದ ರಸ್ತೆ. ನೋಡಲಿಲ್ಲ. ಪಾಸ್ ಬಂತಲ್ಲ ಅಂತ ಸುಮ್ಮನಾದೆ.

ಪ್ರತ್ಯೇಕ ಗಾಡಿ ಅಂದ್ಮೇಲೆ ನಾಲ್ಕು ಕಡೆ ನಿಲ್ಲಿಸೋದು ಯಾಕೆ ಅಂತಾನೂ ಕೇಳಬೇಕಿತ್ತು. ನಮ್ಮವರು 11 ಜನರೂ ಗೊರಗುಂಟೆಪಾಳ್ಯದಲ್ಲೇ ಹತ್ತೋರು. ಅದನ್ನೂ ಕೇಳಲಿಲ್ಲ.

ಶನಿವಾರ ಗಾಡಿ ಬಂದಾಗ 7:20. ಟಿಟಿ ಅಲ್ಲ. ಉದ್ದನೆಯ ಮಿನಿ ಬಸ್ಸು. ಒಳಗೆ ಆಗಲೇ ಎರಡು ಗುಂಪು ಕೂತಿದ್ವು. ಫೋನ್ ಮಾಡಿದ್ದಕ್ಕೆ, "ಸರ್, ಟಿಟಿ ರಾತ್ರಿ ಬ್ರೇಕ್‌ಡೌನ್ ಆಯ್ತು, ನಿಮಗೆ ಅಪ್‌ಗ್ರೇಡ್ ಮಾಡಿದೀವಿ, ದೊಡ್ಡ ಗಾಡಿ, ಆರಾಮಾಗಿ ಕೂತ್ಕೊಳ್ಳಿ." ಬಾಕಿ 9,800 ಕ್ಲಿಯರ್ ಆಗ್ದೆ ಗಾಡಿ ಬಿಡಬೇಡ ಅಂದಿದಾರೆ ಅಂತ ಡ್ರೈವರ್. ಮಕ್ಕಳು, ಅರವತ್ತು ದಾಟಿದ ಇಬ್ಬರು, ಎಲ್ಲ ಬ್ಯಾಗು ಹಿಡಿದು ಫುಟ್‌ಪಾತಲ್ಲಿ ನಿಂತಿದಾರೆ. ಕಳಿಸಿದೆ. ಆ 9,800 ಆವಾಗ ಕಳಿಸಿದ್ದೇ ದೊಡ್ಡ ತಪ್ಪು. ಅದು ಕೈಯಲ್ಲಿ ಇದ್ದಿದ್ರೆ ಮುಂದಿನ ಮಾತುಕತೆನೇ ಬೇರೆ ಆಗ್ತಿತ್ತು.

ಗಾಡಿ ಬದಲಾಗೋದು ಏನು ದೊಡ್ಡ ವಿಷಯ ಅಂತ ಅನ್ನಿಸಬಹುದು. ಗಿರಿಯ ಮಟ್ಟಿಗೆ ಅದೇ ಎಲ್ಲಾ. ಪಾಸು ಇರೋದು ಗಾಡಿ ನಂಬರಿನ ಮೇಲೆ, ಜನರ ಹೆಸರಿನ ಮೇಲಲ್ಲ. ಗಾಡಿ ಬದಲಾದ್ರೆ ಪಾಸು ಸತ್ತ ಹಾಗೆ. ಎರಡನೇದು, ಉದ್ದ ಚಾಸಿಸ್ ಗಾಡಿಗಳನ್ನ ಗಿರಿ ರಸ್ತೆಗೆ ಬಿಡಲ್ಲ. ತಿರುವುಗಳು ಹಾಗಿವೆ, ಎದುರಿಂದ ಗಾಡಿ ಬಂದ್ರೆ ಒಬ್ಬರು ಹಿಂದಕ್ಕೆ ತಗೊಳ್ಳಬೇಕು, ಒಂದು ಕಡೆ ಪ್ರಪಾತ. ಅಂದ್ರೆ ಆ ಮಿನಿ ಬಸ್ಸಿಗೆ ಪಾಸು ಇದ್ದಿದ್ರೂ ಮೇಲೆ ಹೋಗ್ತಿರಲಿಲ್ಲ. ಈ ಎರಡೂ ನಡೆಸೋನಿಗೆ ಗೊತ್ತಿಲ್ದೆ ಇರುತ್ತಾ? ವಾರಾ ವಾರಾ ಇದೇ ಟ್ರಿಪ್ ಹಾಕೋನಿಗೆ?

ಯಡಿಯೂರಿನ ಹತ್ರ ತಿಂಡಿಗೆ ನಿಂತು ಬಿಟ್ಟಾಗ 9:45. ಹಾಸನ ಬೈಪಾಸ್ 11:15. ಬೇಲೂರು ಹನ್ನೆರಡಕ್ಕೆ ಐದು ನಿಮಿಷ. ಅಲ್ಲೇ ಬೆಳಗಿನ ಸ್ಲಾಟ್ ಮುಗೀತು. ಮತ್ತೆ ಫೋನ್ ಮಾಡಿದೆ. "ಏನೂ ಆಗಲ್ಲ ಸರ್, ಅರ್ಧ ಗಂಟೆ ಅಡ್ಜಸ್ಟ್ ಮಾಡ್ತಾರೆ, ನಮ್ಮವರೇ ಇದಾರೆ ಅಲ್ಲಿ."

ಕೈಮರ ತಲುಪಿದಾಗ 12:50. ಚೆಕ್‌ಪೋಸ್ಟಿನವರು ಬಸ್ಸಿನ ಉದ್ದ ನೋಡೇ ಕೈ ಅಡ್ಡ ಹಿಡಿದ್ರು. ಪಾಸ್ ಇದೆ ಅಂತ ನಾನು ಮೊಬೈಲ್ ತೆಗೆದೆ. ಹಿಂದಿನ ಸೀಟಿನವರೂ ತೆಗೆದ್ರು. ಅವರ ಹಿಂದಿನವರೂ ತೆಗೆದ್ರು. ಮೂರು ಮೊಬೈಲು, ಮೂರರಲ್ಲೂ ಅದೇ ಪಾಸು. ಅದೇ ಬುಕಿಂಗ್ ನಂಬರ್. ಅದೇ ಜಾಗಕ್ಕೆ ಕತ್ತರಿಸಿದ ಅದೇ ಫೋಟೋ. ಮೂರೂ ಗುಂಪಿಗೆ "ಇದು ನಿಮ್ಮ ಟಿಟಿದು" ಅಂತ ಹೇಳಿ ಕಳಿಸಿದಾರೆ. ಕೆಳಗಡೆ ಗಾಡಿ ನಂಬರ್ ಇರೋ ಭಾಗ ಮೂರರಲ್ಲೂ ಇಲ್ಲ. ಸಿಬ್ಬಂದಿ ಆ ಬುಕಿಂಗ್ ನಂಬರ್ ನೋಡಿ ಹೇಳಿದ್ದು ಒಂದೇ ಮಾತು: "ಸರ್, ಇದು ಯಾವುದೋ ಕಾರಿನ ಪಾಸು. ಆ ಕಾರು ಬೆಳಗ್ಗೆನೇ ಹೋಗಿದೆ."

ನಾನು ಎಷ್ಟೋ ಹೊತ್ತು ಆ ಫೋಟೋನೇ ನೋಡ್ತಾ ನಿಂತಿದ್ದೆ. ಬುಧವಾರದಿಂದ ನನ್ನ ಮೊಬೈಲಲ್ಲೇ ಇದೆ. ಮನೆಯವರಿಗೆಲ್ಲ ಫಾರ್ವರ್ಡ್ ಮಾಡಿದೀನಿ, ನೋಡಿ ಪಾಸ್ ಬಂತು ಅಂತ. ಕೆಳಗಡೆ ಕತ್ತರಿಸಿರೋದು ಎಷ್ಟು ಸ್ಪಷ್ಟ! ಒಂದು ಅಕ್ಷರದ ಸಾಲು ಅರ್ಧಕ್ಕೇ ನಿಂತಿದೆ. ಆ ಅರ್ಧ ಸಾಲನ್ನ ಯಾಕೆ ಕೇಳಲಿಲ್ಲ ನಾನು. ಇನ್ನೂ ಅದೇ ಯೋಚನೆ.

ಮಧ್ಯಾಹ್ನದ ಸ್ಲಾಟಿಗೆ ಅಲ್ಲೇ ನಿಂತು ನೋಡಿದ್ವಿ. ಫುಲ್. ಆ ಮನುಷ್ಯ ಮೊದಲೇ ಸರಿಯಾದ ಟಿಟಿ ನಂಬರಿಗೆ ಮಧ್ಯಾಹ್ನದ ಸ್ಲಾಟ್ ಹಾಕಿಸಿದ್ದಿದ್ರೆ ನಾವು ಬಂದ ಟೈಮಿಗೆ ಸರಿಯಾಗಿ ಒಳಗೆ ಹೋಗ್ತಿದ್ವಿ. ನೂರಿನ್ನೂರು ರೂಪಾಯಿಯ ಕೆಲಸ, ಹತ್ತು ನಿಮಿಷದ ಕೆಲಸ. ಮಾಡಲಿಲ್ಲ. ಯಾಕಂದ್ರೆ ಮೂರು ಟಿಟಿ ದುಡ್ಡು ತಗೊಂಡು ಒಂದೇ ಬಸ್ಸಲ್ಲಿ ಹಾಕೋದು ಮೊದಲೇ ತೀರ್ಮಾನ ಆಗಿತ್ತು. ಬ್ರೇಕ್‌ಡೌನ್ ಅನ್ನೋದೆಲ್ಲ ಸುಳ್ಳು. ಒಂದೇ ರಾತ್ರಿ ಮೂರು ಟಿಟಿ ಹೇಗೆ ಬ್ರೇಕ್‌ಡೌನ್ ಆಗುತ್ತೆ?

ಇನ್ನು ಅವರ ಉತ್ತರಗಳು. ಮೆಸೇಜ್ ಎಲ್ಲಾ ಇಟ್ಕೊಂಡಿದೀನಿ, ಇದ್ದಂಗೇ ಬರೀತೀನಿ.

ಒಂದೇ ಪಾಸ್ ಮೂರು ಜನರ ಹತ್ರ ಹೇಗೆ ಅಂದ್ರೆ: "ಸರ್ ಅದು ಸ್ಯಾಂಪಲ್ ಕಾಪಿ, ಒರಿಜಿನಲ್ ಡ್ರೈವರ್ ಹತ್ರ ಇರುತ್ತೆ." ಡ್ರೈವರ್ ಹತ್ರ ಏನೂ ಇಲ್ಲ. ಅವನಿಗೆ ಗಿರಿ ಪಾಸ್ ಅಂತ ಒಂದು ಇದೆ ಅನ್ನೋದೇ ಗೊತ್ತಿರಲಿಲ್ಲ ಪಾಪ.

ಡ್ರೈವರ್ ಹತ್ರ ಇಲ್ಲ ಅಂದ್ರೆ: "ನೆಟ್‌ವರ್ಕ್ ಇಶ್ಯೂ ಸರ್, ಡೌನ್‌ಲೋಡ್ ಆಗಿರಲ್ಲ."

ಚೆಕ್‌ಪೋಸ್ಟಿನವರೇ ಕಾರಿನ ಪಾಸ್ ಅಂತಿದಾರೆ ಅಂದ್ರೆ ಹತ್ತು ನಿಮಿಷ ಉತ್ತರ ಇಲ್ಲ. ಆಮೇಲೆ: "ಲೋಕಲ್ ಜೀಪ್ ಅರೇಂಜ್ ಮಾಡ್ತೀನಿ, ಪಾಸ್ ಅವರ ಹತ್ರ ಇದೆ, ಎರಡು ಜೀಪಿಗೆ 6,000 ಆಗುತ್ತೆ." ಜೀಪು ಸೇರಿ ಅಂತ ಬರೆದಿದ್ರಲ್ಲ ಅಂದ್ರೆ: "ಅದು ಝರಿ ಫಾಲ್ಸ್ ಜೀಪ್ ಸರ್. ಇದು ಗಿರಿ ಜೀಪ್. ಬೇರೆ ಬೇರೆ." ನಾವು ಕೊಡಲಿಲ್ಲ. ಎರಡನೇ ಗುಂಪಿನವರು ಕೊಡೋಕೆ ಹೊರಟಿದ್ರು, ಜೀಪಿನ ನಂಬರ್ ಇರೋ ಪೂರ್ತಿ ಪಾಸ್ ಮೊದಲು ಕಳಿಸಿ ಅಂದ ತಕ್ಷಣ ಆ ಮಾತು ಅಲ್ಲಿಗೇ ನಿಂತುಹೋಯ್ತು.

ಕೊನೆಗೆ ಹಿರೇಕೊಳಲೆ ಕೆರೆ ತೋರಿಸಿ ಬೇಲೂರಿಗೆ ಕರ್ಕೊಂಡು ಬಂದ್ರು. ಕೆರೆ ಚೆನ್ನಾಗಿದೆ, ಬೇಲೂರಿನ ಚೆನ್ನಕೇಶವನ ಬಗ್ಗೆ ಹೇಳೋದೇ ಬೇಡ. ಆದ್ರೆ ಅದಕ್ಕೆ 19,800 ಕೊಟ್ಟಿದ್ದಲ್ಲ. ಬೇಲೂರು ದೇವಸ್ಥಾನಕ್ಕೆ ಒಳಗೆ ಹೋಗೋಕೆ ಟಿಕೆಟ್ಟೇ ಇಲ್ಲ ಸ್ವಾಮಿ! "ಎಂಟ್ರಿ ಟಿಕೆಟ್ ಸೇರಿ" ಅಂತ ಪಟ್ಟಿಯಲ್ಲಿ ಬರೆದಿದ್ದನ್ನ ಹಾಸನದವನಾಗಿ ನಾನೇ ಓದಿ ಸುಮ್ಮನೆ ಬಿಟ್ಟಿದೀನಿ. ಪಟ್ಟಿಯಲ್ಲಿ ಇಂಥ ಒಂದು ಸುಳ್ಳು ಕಂಡ್ರೆ ಉಳಿದಿದ್ದೂ ಹಾಗೇ ಅಂತ ತಿಳ್ಕೊಳ್ಳಿ.

ವಾಪಸ್ ದುಡ್ಡು ಕೇಳಿದ್ದಕ್ಕೆ ಭಾನುವಾರ ಬಂದ ಉತ್ತರ: "ಗಾಡಿ ಓಡಿದೆ, ಊಟ ಕೊಟ್ಟಿದೀವಿ, ಟೂರ್ ಕಂಪ್ಲೀಟ್. ಗಿರಿ ಸರ್ಕಾರದ ಕಂಟ್ರೋಲಲ್ಲಿ ಇದೆ, ಅವರು ಬಿಡ್ಲಿಲ್ಲ ಅಂದ್ರೆ ನಾವು ಜವಾಬ್ದಾರಿ ಅಲ್ಲ." ಸೋಮವಾರ: "ನೆಕ್ಸ್ಟ್ ಟ್ರಿಪ್‌ಗೆ ತಲೆಗೆ 200 ಡಿಸ್ಕೌಂಟ್ ಕೊಡ್ತೀವಿ." ಮಂಗಳವಾರದಿಂದ ನನ್ನ ನಂಬರ್ ಬ್ಲಾಕ್.

ದುಡ್ಡು ಹೋಗಿರೋದು ಕಂಪನಿ ಖಾತೆಗಲ್ಲ, ಯಾರದೋ ಸ್ವಂತ ಯುಪಿಐಗೆ. ಬಿಲ್ ಇಲ್ಲ. ಸೈಬರ್ ವಂಚನೆಯ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೀನಿ, ಇದನ್ನ ಎಷ್ಟು ಬೇಗ ಮಾಡಿದ್ರೆ ಅಷ್ಟು ಒಳ್ಳೇದು, ನಾನು ಎರಡು ದಿನ ಅವರ ಉತ್ತರ ಕಾಯ್ತಾ ಕೂತು ತಡ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿದೀನಿ. ಅದರಲ್ಲಿ ಆಗಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಅಲ್ಲಿ ಶುಲ್ಕ ಇಲ್ಲ, ನಾವು ವಾಸ ಇರೋ ಊರಲ್ಲೇ ದೂರು ಹಾಕಬಹುದು. ಮೂರೂ ಗುಂಪಿನವರು ನಂಬರ್ ತಗೊಂಡಿದೀವಿ, ಒಟ್ಟಿಗೇ ಹೋಗೋದು ಅಂತ ಮಾತಾಗಿದೆ.

ಹೋಗಲೇಬೇಕು ಅನ್ನೋರಿಗೆ. ಪಾಸು ನೀವೇ ಮಾಡಿಸಿ. ನಡೆಸೋರು ಮಾಡಿಸ್ತಾರೆ ಅಂದ್ರೆ ಗಾಡಿ ನಂಬರ್, ತಾರೀಕು, ಸ್ಲಾಟ್ ಮೂರೂ ಕಾಣೋ ಪೂರ್ತಿ ಪಾಸ್ ತರಿಸ್ಕೊಳ್ಳಿ, ಸ್ಕ್ರೀನ್‌ಶಾಟ್ ಬೇಡವೇ ಬೇಡ. ಗಾಡಿ ಬಂದ ತಕ್ಷಣ ಹತ್ತೋ ಮುಂಚೆ ನಂಬರ್ ಪ್ಲೇಟು ತಾಳೆ ನೋಡಿ. ಬಿಳಿ ಬೋರ್ಡಿನ ಗಾಡಿ ಬಂದ್ರೆ ಹತ್ತಲೇಬೇಡಿ, ಬಾಡಿಗೆಗೆ ಓಡಿಸೋ ಹಾಗಿಲ್ಲ, ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವರು ಕೈ ಎತ್ತುತಾರೆ. ಬಾಕಿ ದುಡ್ಡು ಕೈಮರ ದಾಟಿದ ಮೇಲೆ ಕೊಡಿ.

ಒಂದೇ ದಿನದಲ್ಲಿ ಆಗೋದಂತೂ ಹೌದು, ಆದ್ರೆ ಐದು ಜಾಗ ಆಗಲ್ಲ. ಬೆಂಗಳೂರು ಬೆಳಗಿನ ಜಾವ 3:30-4ಕ್ಕೆ ಬಿಡಬೇಕು, ಗೊರಗುಂಟೆಪಾಳ್ಯ ದಾಟಿ, ಮನೆ ಮುಂದೆ ಅಲ್ಲ. ಆಗ ಹಾಸನ 7, ತಿಂಡಿ, ಚಿಕ್ಕಮಗಳೂರು 9:15, ಹತ್ತರೊಳಗೆ ಗಿರಿ ರಸ್ತೆ. ಮುಳ್ಳಯ್ಯನಗಿರಿ ಮೆಟ್ಟಿಲು ಹತ್ತಿ ಇಳಿಯೋಕೆ, ಪಾರ್ಕಿಂಗ್ ಜಗಳ ಸೇರಿ, ಎರಡು ಗಂಟೆ. ಬೆಳಗಿನ ಸ್ಲಾಟಲ್ಲಿ ಅಷ್ಟೇ ಆಗೋದು, ಸೀತಾಳಯ್ಯನಗಿರಿಗೂ ಟೈಮ್ ಉಳಿದ್ರೆ ಅದೃಷ್ಟ. ಬಾಬಾಬುಡನ್‌ಗಿರಿ, ಝರಿ ಎಲ್ಲ ಬೇಕು ಅಂದ್ರೆ ಹಿಂದಿನ ರಾತ್ರಿ ಬಸ್ಸಿಗೆ ಬಂದು ಚಿಕ್ಕಮಗಳೂರಲ್ಲೇ ಹಳದಿ ಬೋರ್ಡಿನ ಟ್ಯಾಕ್ಸಿ ಹಿಡೀರಿ, ಅಥವಾ ಹಾಸನದಲ್ಲಿ ಉಳೀರಿ, ಅಲ್ಲಿಂದ 60 ಕಿ.ಮೀ. ಚಿಲ್ಲರೆ. ದತ್ತ ಜಯಂತಿ ಸಮಯದಲ್ಲಿ ಕೆಲವು ದಿನ ಪ್ರವಾಸಿಗರನ್ನ ಬಿಡಲ್ಲ, ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚೋದೂ ಇದೆ, ಹೊರಡೋ ಹಿಂದಿನ ದಿನ ವಿಚಾರಿಸಿ.

ಇನ್ನೊಂದು. ಇದೇ ಜನ ಸಕಲೇಶಪುರದ ಕಡೆ ರೈಲ್ವೆ ಹಳಿ ಮೇಲೆ ನಡೆಯೋ "ಗ್ರೀನ್ ರೂಟ್ ಟ್ರೆಕ್" ಕೂಡ ಹಾಕ್ತಿದಾರೆ, ದೋಣಿಗಲ್-ಎಡಕುಮೇರಿ. ಅದು ನಿಷೇಧ. ಹಳಿ ಮೇಲೆ ಸಿಕ್ಕಿಬಿದ್ರೆ ಕೇಸು ಬೀಳೋದು ನಿಮ್ಮ ಮೇಲೆ, ದುಡ್ಡು ತಗೊಂಡೋನ ಮೇಲಲ್ಲ. ಸುರಂಗದೊಳಗೆ ರೈಲು ಬಂದ್ರೆ ಏನು ಅಂತ ನೀವೇ ಯೋಚಿಸಿ.

ಇವತ್ತು ಬೆಳಗ್ಗೆ ಬೇರೆ ನಂಬರಿಂದ ಅವರ ಸ್ಟೇಟಸ್ ನೋಡಿದೆ. ಬರೋ ಶನಿವಾರದ ಗಿರಿ ಟ್ರಿಪ್ ಹಾಕಿದಾರೆ. ತಲೆಗೆ 1,800, ಪ್ರತ್ಯೇಕ ಟಿಟಿ, ಪಾಸ್ ಸೇರಿ. ಹತ್ತಿಸೋದು ಸಿಲ್ಕ್ ಬೋರ್ಡ್ 5:00, ಗೊರಗುಂಟೆಪಾಳ್ಯ 6:30. ಇನ್ನು ಎಂಟು ಸೀಟು ಉಳಿದಿದೆ ಅಂತ ಬರೆದಿದಾರೆ.